ಅಳಿಲು ಕಣ್ಣು ಮುಚ್ಚಿ ಕೇಳಿದ ಹಾಡು

ಕೋಗಿಲೆಯ ಹಾಡಿಗೆ ನವಿಲು ಕುಣಿದು ಹೋದದ್ದೇ ತಡ, ಮಾವಿನ ಮರದಲ್ಲಿ ಜಗಳ ಹತ್ತಿಕೊಂಡಿತು.

"ಹಾಡಿಗೆ ಈಗ ಕಳೆ ಬಂತು," ಎಂದಿತು ಗಿಳಿ.

"ಕಳೆಯಂತೆ ಕಳೆ! ಅಮ್ಮನನ್ನು ನೆನೆಯುವ ಹಾಡಿಗೆ ಈ ಥಳಕು ಒಪ್ಪುತ್ತದೆಯೇ?" ಎಂದು ಅಳಿಲು ರೇಗಿತು. ಆ ಹಾಡು ಕೇಳುತ್ತ ಕಣ್ಣು ಮುಚ್ಚಿದರೆ ಸಾಕು, ಹದ್ದು ಹೊತ್ತೊಯ್ದ ತಾಯಿ ಅದರೆದುರು ಬಂದು ಕೂರುತ್ತಿದ್ದಳು.

ವಾದ ಬಗೆಹರಿಯಲಿಲ್ಲ. "ಇನ್ನೊಮ್ಮೆ ಹಾಡುತ್ತೇನೆ, ಕೇಳಿ ತೀರ್ಮಾನಿಸಿ," ಎಂದು ಕೋಗಿಲೆ ದನಿಯೆತ್ತಿತು. ಅಳಿಲು ಎಂದಿನಂತೆ ಕಣ್ಣು ಮುಚ್ಚಿತು. ತಾಯಿ ಬರಲಿಲ್ಲ, ಅವಳ ಜಾಗದಲ್ಲಿ ನವಿಲು ಗರಿಬಿಚ್ಚಿ ನಿಂತಿತ್ತು.

"ಸಾಕು ಕೋಗಿಲಕ್ಕ, ನಿಲ್ಲಿಸು!"

"ಯಾಕಪ್ಪ, ನನ್ನ ಸ್ವರ ಕೆಟ್ಟಿತೇ?"

"ಸ್ವರ ಮೊದಲಿನಂತೆಯೇ ಇದೆ, ಅಕ್ಕ," ಎಂದಿತು ಅಳಿಲು. "ನವಿಲು ಕುಣಿಯುವಾಗಲೂ ನಾನು ಕಣ್ಣು ಮುಚ್ಚಿಯೇ ಕೂತಿರಬೇಕಿತ್ತು."