ತೂತಿಲ್ಲದ ದೊಡ್ಡ ಕುಂಡ

ಕೈತೋಟದ ದೊಡ್ಡ ಸಿಮೆಂಟ್ ಕುಂಡಕ್ಕೆ ತಳದಲ್ಲಿ ತೂತಿರಲಿಲ್ಲ. ಸುರಿದ ನೀರೆಲ್ಲ ಒಳಗೇ ನಿಂತು, ಅದರಲ್ಲಿದ್ದ ನಿಂಬೆಗಿಡದ ಬೇರು ಕೊಳೆಯತೊಡಗಿತು.

"ಧಣಿ, ಉಸಿರು ಕಟ್ಟುತ್ತಿದೆ. ಸ್ವಲ್ಪ ನೀರು ಹೊರಗೆ ಬಿಡಿ," ಎಂದಿತು ಗಿಡ.

"ನನ್ನೊಳಗೆ ಬಿದ್ದದ್ದು ನನ್ನದು. ಇಷ್ಟು ದೊಡ್ಡ ಮನೆ ಕೊಟ್ಟಿದ್ದೇನೆ, ಸಾಲದೇನೋ ಮುಳ್ಳುಮೂತಿ?"

ಬೇಡಿದರೆ ಧಣಿಗಳ ಕಿವಿ ತೆರೆಯುವುದಿಲ್ಲವೆಂದು ಗಿಡಕ್ಕೆ ತಿಳಿಯಿತು. ಎಲೆಗಳನ್ನೆಲ್ಲ ಹಳದಿ ಮಾಡಿ ಅಂಗಳದ ತುಂಬ ಉದುರಿಸಿತು. ಗುಡಿಸಿ ಗುಡಿಸಿ ಸಾಕಾದ ಮನೆಯೊಡತಿ ನೀಲವ್ವ ಮಣ್ಣು ಮುಟ್ಟಿ ನೋಡಿ, ಉಳಿ ಸುತ್ತಿಗೆ ತಂದು ಕುಂಡದ ಬುಡಕ್ಕೆ ತೂತು ಹೊಡೆದಳು. ನಾರುವ ನೀರು ದಳದಳನೆ ಹರಿದುಹೋಯಿತು.

"ಅಯ್ಯೋ, ನನ್ನ ಮಾನ ಹೋಯಿತು!" ಎಂದು ಕುಂಡ ಗೋಳಾಡಿತು.

"ಹೋಗಲಿ ಬಿಡಯ್ಯಾ, ನನ್ನ ಜೀವ ಉಳಿಯಿತು," ಎಂದು ನಿಂಬೆಗಿಡ ಬೇರು ಚಾಚಿ, ಎದೆತುಂಬ ಉಸಿರೆಳೆದುಕೊಂಡಿತು.