ಅಜ್ಜನ ಸಾಲುಗಳಿಗೆ ಹೊತ್ತು

ಲೋಲಾಕ್ಷಿಯ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಎರಡು ಶೆಲ್‌ಗಳಿದ್ದವು. ಆಕೆ ಟೈಪು ಮಾಡಿದ ಆಜ್ಞೆಯನ್ನು ನಡೆಸಿ, ಅದನ್ನು ನೆನಪಿಡುವುದು ಅವುಗಳ ಕೆಲಸ. ಹಳೇ ಶೆಲ್‌ಗೆ ಒಂದರ ಕೆಳಗೊಂದು ಸಾಲಾಗಿ ಬಂದ ಆಜ್ಞೆಗಳು ಮಾತ್ರ ನೆನಪು. ಹೊಸ ಶೆಲ್ ಪ್ರತಿ ಆಜ್ಞೆಯ ಪಕ್ಕ ಹೊತ್ತನ್ನೂ ಬರೆಯುತ್ತಿತ್ತು; ಹಳೆಯದನ್ನು ಅಜ್ಜ ಎನ್ನುತ್ತಿತ್ತು. ಅಜ್ಜನ ಸಾಲುಗಳು ಹೊತ್ತಿಲ್ಲದೆ ಬರಿಮೈಯಲ್ಲಿ ಇರಬಾರದೆಂದು ಅದು ಒಂದು ಬೆಳಿಗ್ಗೆ ಅವಕ್ಕೆಲ್ಲ ಆಗಿನ ಹೊತ್ತನ್ನೇ, ಒಂಬತ್ತು ಗಂಟೆಯನ್ನೇ, ತೊಡಿಸಿತು.

ಅಷ್ಟರಲ್ಲಿ ಲೋಲಾಕ್ಷಿ ಕಂಗಾಲಾದಳು. ಯಾರದೋ ಸೀಮಂತದ ಫೋಟೋಗಳು ಕಾಣೆಯಾಗಿದ್ದವು.

"ಹಿಂದೆ ಅವನ್ನು ಅಳಿಸುವ ಮೊದಲು ನಕಲು ಮಾಡಿದ್ದೆನಾ?" ಎಂದು ಶೆಲ್‌ಗಳನ್ನು ಕೇಳಿದಳು.

"ಎರಡೂ ಇವತ್ತು ಒಂಬತ್ತು ಗಂಟೆಗೆ ಆದವು," ಎಂದಿತು ಹೊಸ ಶೆಲ್.

"ಈಗ ತಾನೇ ಬಾಗಿಲು ತೆಗೆದಿದ್ದೇನೆ! ಇವತ್ತು ಏನನ್ನೂ ಅಳಿಸಿಲ್ಲ!"

ಹೊಸ ಶೆಲ್ ಪೆಚ್ಚಾಯಿತು. ಹಳೇ ಶೆಲ್ ಮೆಲ್ಲಗೆ ಹೇಳಿತು: "ಹೊತ್ತು ನಾನರಿಯೆ, ತಾಯಿ. ಆದರೆ ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿದಿರಿ, ಆಮೇಲೆ ಅಳಿಸಿದಿರಿ."

ಲೋಲಾಕ್ಷಿ ಪೆನ್‌ಡ್ರೈವ್ ಹುಡುಕಿ ಚುಚ್ಚಿದಳು. ಸೀಮಂತದ ಹುಡುಗಿ ತೆರೆಯ ಮೇಲೆ ಹಸಿರು ಬಳೆ ತೊಟ್ಟು ನಗುತ್ತಿದ್ದಳು.

ಹೊಸ ಶೆಲ್ ತಾನು ತೊಡಿಸಿದ ಹೊತ್ತುಗಳನ್ನೆಲ್ಲ ಒರೆಸಿತು. "ಈಗ ಮತ್ತೆ ಬರಿಮೈಯಲ್ಲಿ ಕಾಣುತ್ತೀಯಲ್ಲ, ಅಜ್ಜಾ?"

"ಕಾಣಲಿ ಬಿಡು ಮಗಾ. ಗೊತ್ತಿಲ್ಲದ ಕಡೆ ಹೊತ್ತು ಹಾಕಬೇಡ."