ಮರ್ಯಾದಸ್ಥ ಪಂಪು

ಕಾರವಾರದ ಕಡಲಬಂಡೆಯೊಂದನ್ನು ಇದ್ದ ಹಾಗೇ ಗಾಜಿನ ತೊಟ್ಟಿಯೊಳಗೆ ಕಟ್ಟುವ ಯೋಜನೆ ನಡೆದಿತ್ತು. ಕಲ್ಲು, ಉಪ್ಪುನೀರು, ಏಡಿ, ಕಡಲಕಳೆ ಎಲ್ಲ ಬಂದವು. ಅಲೆ ಎಬ್ಬಿಸುವ ಕೆಲಸ ಪಂಪಿನ ಪಾಲಿಗೆ ಬಿತ್ತು. ದೂರದಿಂದ ಬಂದ ನೆಂಟರನ್ನು ನೂಕುವುದುಂಟೇ ಎಂದು ಅದು ಮೆಲ್ಲಗೆ ಉಸಿರಾಡುತ್ತಿತ್ತು. ವಾರದೊಳಗೆ ಕಡಲಕಳೆಯ ಮೈತುಂಬ ಕೊಳೆ ಕೂತು, ಎಲೆಗಳು ಕರಗತೊಡಗಿದವು.

"ಇನ್ನೂ ನಿಧಾನ ಮಾಡಲೇ, ಅಕ್ಕಾ?" ಪಂಪು ಕಂಗಾಲಾಗಿ ಕಡಲಕಳೆಯನ್ನು ಕೇಳಿತು.

"ಅಯ್ಯೋ ಮಾರಾಯ, ಅಕ್ಕನ ಮೈಮೇಲೆ ಕೂತಿರುವುದು ನಿನ್ನ ಮರ್ಯಾದೆಯೇ," ಎಂದಿತು ಏಡಿ. "ನೂಕು!"

ಪಂಪು ಧೈರ್ಯ ಮಾಡಿ ನೂಕಿತು. ಕಡಲಕಳೆ ಕಲ್ಲಿಗೆ ಬಡಿದು ಬಾಗಿತು, ಕೊಳೆಯೆಲ್ಲ ಕಿತ್ತುಹೋಯಿತು.

"ಕ್ಷಮಿಸಿ ಅಕ್ಕಾ!"

"ಊರಿನ ಅಲೆ ಒಂದು ದಿನವೂ ಕ್ಷಮೆ ಕೇಳಿದ್ದಿಲ್ಲ, ತಮ್ಮಾ," ಎಂದು ಕಡಲಕಳೆ ತಲೆಯೆತ್ತಿತು. "ಇನ್ನೊಮ್ಮೆ ನೂಕು."